ಹರಿದ ಹಾಳೆಯ ಪಡಿಯಚ್ಚು

ವೇದಭಾಗ: ಯೋಹಾನನ ಸುವಾರ್ತೆ 18ನೆಯ ಅಧ್ಯಾಯ, 31ರಿಂದ 38ರ ವರೆಗಿನ ವಚನಗಳು.

ತುಕ್ಕಾನಟ್ಟಿ, ಮೂಡಲಗಿ, ಹುಕ್ಕೇರಿಗಳ ಕಡೆಯ ಒಕ್ಕಲುಮಕ್ಕಳಾದ ನಿಮಗೆ ಉತಾರವೆಂದರೇನೆಂಬದನ್ನು ಯಾರೂ ಬೋಧಿಸಬೇಕಾಗಿಲ್ಲ. ಹೊಲದ ಮೂಲ ದಫ್ತರವು ಸರಕಾರದ ವಶದಲ್ಲಿರುವದು. ನಿಮ್ಮ ಕೈಗೆ ಬರುವದು ಅದರ ನಕಲು. ಬರೆಯುವವನು ತನ್ನ ಮನಸ್ಸಿಗೆ ಬಂದಂತೆ ಒಂದು ಗುಂಟೆಯನ್ನು ಕೂಡಿಸಿದರೆ ಅದು ಉತಾರವಲ್ಲ, ಕಳ್ಳಪತ್ರವೇ ಸರಿ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ನಕಲಿನ ಸಂಗತಿಯನ್ನು ಕೇಳಿರಿ.

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಟ್ಟಣದ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಒಂದು ಹರಕು ತುಣುಕು ಉಂಟು. ಎತ್ತರ ಸುಮಾರು 9 ಸೆಂಟಿಮೀಟರ್, ಅಗಲ 6. ಕೂಸಿನ ಅಂಗೈಯಷ್ಟು ಎನ್ನಬಹುದು. 1920ರಲ್ಲಿ ಗ್ರೆನ್‌ಫೆಲ್ ಎಂಬ ಪಂಡಿತನು ಅದನ್ನು ಐಗುಪ್ತದಲ್ಲಿ ಕೊಂಡುಕೊಂಡನು. 1935ರಲ್ಲಿ ರಾಬರ್ಟ್ಸ್ ಎಂಬವನು ಅದು ಯೋಹಾನನ ಸುವಾರ್ತೆಯ ಹಾಳೆಯ ಭಾಗವೆಂದು ಲೋಕಕ್ಕೆ ಪ್ರಕಟಿಸಿದನು. ಮುಂಬದಿಯಲ್ಲಿ ಏಳು ಸಾಲು, ಹಿಂಬದಿಯಲ್ಲಿ ಏಳು ಸಾಲು, ಒಂದಾದರೂ ಪೂರ್ಣವಾಗಿಲ್ಲ. ಇದರ ಪಡಿಯಚ್ಚುಗಳನ್ನು ಮಾಡಿಸಿ ಬೋಧಕರೂ ಉಪಾಧ್ಯಾಯರೂ ಜನರಿಗೆ ತೋರಿಸುವದುಂಟು.

ಅದು ಕಾಗದವಲ್ಲ. ನೈಲ್ ನದಿಯ ಜವುಗಿನಲ್ಲಿ ಬೆಳೆಯುವ ಆಪಿನ ಜಾತಿಯ ಗಿಡದಿಂದ ಮಾಡಿದ್ದು. ಅದರ ದಂಟಿಗೆ ಮೂರು ಮೂಲೆಗಳಿರುತ್ತವೆ. ನೀವು ಕಬ್ಬನ್ನು ಹೆರೆಯುವಂತೆ ಅದರ ಸಿಪ್ಪೆಯನ್ನು ತೆಗೆದು, ಒಳಗಿನ ಬೆಂಡನ್ನು ತೆಳುವಾದ ಪಟ್ಟಿಗಳಾಗಿ ಸೀಳಿ, ಒಂದು ಪದರನ್ನು ಉದ್ದಕ್ಕೂ ಮತ್ತೊಂದನ್ನು ಅಡ್ಡಕ್ಕೂ ಹಾಸಿ, ಒತ್ತಿ ಒಣಗಿಸುತ್ತಿದ್ದರು. ನಮ್ಮ ಹಿರಿಯರು ತಾಳೆಗರಿಯಲ್ಲಿ ಕಂಟದಿಂದ ಕೊರೆದರು. ಆ ದೇಶದವರು ಇದರ ಮೇಲೆ ಮಸಿಯಿಂದ ಬರೆದರು. ನಮ್ಮ ಮಳೆಗಾಲಕ್ಕೆ ಅದು ಉಳಿಯುತ್ತಿರಲಿಲ್ಲ. ಐಗುಪ್ತದ ಒಣ ಮರಳೇ ಅದನ್ನು ಕಾಯ್ದದ್ದು.

ಈ ಹಾಳೆಯ ಮೇಲಿರುವದು ಯಾವ ವೃತ್ತಾಂತ? ನಮ್ಮ ಕರ್ತನು ಪಿಲಾತನ ಮುಂದೆ ವಿಚಾರಣೆಗೆ ನಿಂತದ್ದೇ. ಹಿಂಬದಿಯ ಸಾಲುಗಳಲ್ಲಿ, ತಾನು ಸಾಕ್ಷಿಗಾಗಿ ಲೋಕಕ್ಕೆ ಬಂದೆನೆಂದು ಕರ್ತನು ಹೇಳಿದ ಮಾತಿನ ಅಕ್ಷರಗಳು ಕಾಣುತ್ತವೆ. ಸತ್ಯಕ್ಕೆ ಸೇರಿದವರ ವಿಷಯವಾಗಿ ಆತನು ನುಡಿದದ್ದರಲ್ಲಿ ಸತ್ಯವೆಂಬ ಶಬ್ದವೂ ಬಹುಮಟ್ಟಿಗೆ ಉಳಿದಿದೆ. ಬಳಿಕ ಆತನಿಗೆ ಪಿಲಾತನು ಉತ್ತರ ಹೇಳುವ ಸ್ಥಳ ಬರುತ್ತದೆ. ಅಲ್ಲಿಯೇ ಹಾಳೆ ಹರಿದಿದೆ. ಸತ್ಯವು ಏನೆಂದು ಆ ಅಧಿಪತಿಯು ಕೇಳಿದ ಪ್ರಶ್ನೆಯು ಕಳೆದುಹೋದ ಪಾಲಿನಲ್ಲಿದೆ. ಅವನ ಹೆಸರಿನಲ್ಲಿಯೂ ಮುಂಬದಿಯಲ್ಲಿ ಮೊದಲನೆಯ ಅಕ್ಷರವೊಂದೇ ನಿಂತಿದೆ. ಇದನ್ನು ಅದ್ಭುತವೆಂದು ಸಾರುವವರು ಇದ್ದಾರು, ನಾನು ಸಾರುವದಿಲ್ಲ. ಹಳೆಯ ಹಾಳೆ ಎಲ್ಲಿಯಾದರೂ ಹರಿಯುವದು. ಆದರೂ ಅದನ್ನು ನೋಡುವವನ ಹೃದಯಕ್ಕೆ ಒಂದು ಮಾತು ತಟ್ಟದೆ ಇರದು.

ನಿಮ್ಮ ಶಾಸ್ತ್ರವು ಪರದೇಶದವರು ಮೊನ್ನೆ ಕಟ್ಟಿದ್ದೆಂದು ನೆರೆಯವರು ನಿಮ್ಮನ್ನು ಹಂಗಿಸುವದುಂಟು. ಕನ್ನಡದಲ್ಲಿ ಸಂಪೂರ್ಣ ಸತ್ಯವೇದವು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಪ್ರಯಾಸದಿಂದ 1831ರಲ್ಲಿ ಮುಗಿಯಿತು, ಇದು ನಿಜ. ಅದರ ಮೂಲವು ಎಷ್ಟೋ ಹಿಂದಿನದೆಂಬದಕ್ಕೆ ಈ ತುಣುಕು ಸಾಕ್ಷಿ. ಆದರೆ ಉತ್ತರ ಕೊಡುವಾಗ ಗುಂಟೆಯನ್ನು ಕೂಡಿಸಬೇಡಿರಿ! ಇದು ಯೋಹಾನನ ಸ್ವಂತ ಕೈಬರಹವಲ್ಲ. ಅಪೊಸ್ತಲರ ಕೈಬರಹ ಒಂದೂ ಉಳಿದಿಲ್ಲ. ಇದು ಕ್ರಿ.ಶ. 125ರ ಸುಮಾರಿನದೆಂದು ಬಹುಕಾಲ ಹೇಳಿದರು. ಈಚಿನ ವಿದ್ವಾಂಸರಾದರೋ ಅಕ್ಷರದ ರೂಪವೊಂದರಿಂದ ಅಷ್ಟು ಬಿಗಿಯಾಗಿ ಹೇಳಕೂಡದೆಂದೂ ಎರಡನೆಯ ಶತಮಾನದ ಕಡೆಗೂ ಅದಕ್ಕೂ ತುಸು ಈಚೆಗೂ ಬರಬಹುದೆಂದೂ ಎಚ್ಚರಿಸುತ್ತಾರೆ. ಜಿನೇವಾ ಬಳಿಯ ಬೋಡ್ಮರ್ ಸಂಗ್ರಹದಿಂದ 1956ರಲ್ಲಿ ಪ್ರಕಟವಾದ ಯೋಹಾನನ ಸುವಾರ್ತೆಯ ಹಳೆಯ ಪ್ರತಿಯಲ್ಲಿ ನೂರಾರು ಕಡೆ ತಿದ್ದುಪಾಟುಗಳಿವೆ. ವ್ಯಭಿಚಾರದಲ್ಲಿ ಸಿಕ್ಕಿದ ಹೆಂಗಸಿನ ವೃತ್ತಾಂತವು ಅದರಲ್ಲಿಲ್ಲ. ಇದನ್ನು ವಿಶ್ವಾಸಿಗಳಿಂದ ಯಾಕೆ ಮರೆಮಾಡಬೇಕು? ಮರೆಮಾಡಿದ್ದನ್ನು ನಾಳೆ ಸಂತೆಯಲ್ಲಿ ವಿರೋಧಿಯ ಬಾಯಿಂದ ಕೇಳುವ ಯೌವನಸ್ಥನು, ಮರೆಮಾಡಿದ ಉಪದೇಶಿಯ ಉಳಿದ ಮಾತುಗಳನ್ನು ನಂಬುವನೋ?

ಒಳ್ಳೆಯ ಪಡಿಯಚ್ಚನ್ನು ಮಾಡುವವನ ನಡತೆಯನ್ನು ನೋಡಿರಿ. ಹರಿದ ಅಂಚನ್ನು ಅವನು ಹರಿದಂತೆಯೇ ತೋರಿಸುತ್ತಾನೆ, ಮಾಸಿದ ಅಕ್ಷರವನ್ನು ಮಾಸಿದಂತೆಯೇ ಬಿಡುತ್ತಾನೆ. ಕಳೆದುಹೋದ ಸಾಲು ಅವನಿಗೆ ಬಾಯಿಪಾಠವಿದ್ದರೂ ಅದನ್ನು ಆ ಹಾಳೆಯ ಮೇಲೆ ಬರೆಯುವದಿಲ್ಲ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳಲು ಏಳುವವರು ಹೀಗಿದ್ದರೆ ಎಷ್ಟು ಚೆನ್ನ! ಮೂರು ದಿನದ ಜ್ವರವು ವರುಷ ವರುಷಕ್ಕೆ ಬೆಳೆದು ಮೂರು ತಿಂಗಳಾಗುವದನ್ನು, ಸಾಧಾರಣ ಮನುಷ್ಯನ ಹಳೆಯ ಬಾಳು ಹೇಳುತ್ತಾ ಹೇಳುತ್ತಾ ದರೋಡೆಖೋರನ ಬಾಳಾಗುವದನ್ನು ನಾವು ಕೇಳಿಲ್ಲವೇ? ಕೇಳುವ ನೆರೆಯವನಿಗೆ ಆ ಮನುಷ್ಯನನ್ನು ಬಾಲ್ಯದಿಂದ ಗೊತ್ತು. ಅವನು ನಕ್ಕು ಹೊರಗೆ ಹೋಗುತ್ತಾನೆ. ಅವನ ಸಂಗಡ ಅವನ ಹೆಂಡತಿ ಮಕ್ಕಳೂ ಹೋಗುತ್ತಾರೆ. ಕರ್ತನು ನಿನಗೆ ಮಾಡಿದ್ದು ಏಳು ಅರೆಸಾಲುಗಳಷ್ಟೇ ಆಗಿದ್ದರೆ ಆ ಏಳನ್ನೇ ಹೇಳು.

ಇಂಥ ಪಡಿಯಚ್ಚು ನಿಮ್ಮ ಗ್ರಾಮಕ್ಕೆ ಬಂದರೆ ಅದಕ್ಕೆ ಹೂವು ಏರಿಸಬೇಡಿರಿ, ರೋಗಿಯ ತಲೆಯ ಮೇಲೆ ಇಡಬೇಡಿರಿ. ಎಲ್ಲರ ಕೈಗೂ ಕೊಡಿರಿ, ಮಕ್ಕಳು ಮುಟ್ಟಿ ನೋಡಲಿ. ಓದಬಲ್ಲ ಒಬ್ಬ ಹುಡುಗಿಯು ಎದ್ದುನಿಂತು ಇದೇ ಅಧ್ಯಾಯವನ್ನು ಕನ್ನಡ ಸತ್ಯವೇದದಿಂದ ಗಟ್ಟಿಯಾಗಿ ಓದಲಿ. ಹಾಳೆ ಹರಿದ ಸ್ಥಳಕ್ಕೆ ಬಂದಾಗ ತುಸು ನಿಂತು, ತಿರಿಗಿ ಮುಂದಕ್ಕೆ ಓದಲಿ.