ಫಲಕೊಡದ ಮರವೂ ನಮ್ಮ ತಾಳ್ಮೆಯೂ



ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಸಭೆಯವರ ಮನೆಗಳಿಗೆ ಹೋದಾಗ, ಹಿತ್ತಲಲ್ಲಿ ಒಂದೆರಡು ಹಣ್ಣಿನ ಮರಗಳಿರುವದನ್ನು ನೋಡಿ ಸಂತೋಷಪಡುತ್ತೇವೆ. ಆದರೆ ಅನೇಕ ಮನೆಗಳಲ್ಲಿ ಒಂದು ದೂರನ್ನೂ ಕೇಳುತ್ತೇವೆ: "ಉಪದೇಶಿಗಳೇ, ಈ ಮರ ನೆಟ್ಟು ಎಂಟು ವರ್ಷವಾಯಿತು, ಒಂದು ಕಾಯನ್ನೂ ಕಾಣಲಿಲ್ಲ. ಕಡಿದುಬಿಡೋಣವೋ, ಇನ್ನೂ ಕಾಯೋಣವೋ?" ಈ ಪ್ರಶ್ನೆಯು ತೋಟಕ್ಕೆ ಮಾತ್ರ ಸಂಬಂಧಪಟ್ಟದ್ದೆಂದು ನಾವು ಬಹುಕಾಲ ಎಣಿಸಿದ್ದೆವು. ಹಾಗಲ್ಲವೆಂಬದನ್ನು ನಮ್ಮ ಹಿತ್ತಲಿನ ಮಾವಿನ ಮರವೊಂದು ನಮಗೆ ಕಲಿಸಿತು.

ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಕರ್ತನು ಹೇಳಿದ ಅಂಜೂರದ ಮರದ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ಮೂರು ವರ್ಷ ಹಣ್ಣನ್ನು ಹುಡುಕಿ ಬೇಸತ್ತ ಯಜಮಾನನು ಮರವನ್ನು ಕಡಿಯಲು ಅಪ್ಪಣೆಮಾಡುತ್ತಾನೆ. ತೋಟಗಾರನಾದರೋ ಇನ್ನೊಂದು ವರ್ಷದ ವಾಯಿದೆಯನ್ನು ಬೇಡಿಕೊಳ್ಳುತ್ತಾನೆ. ಇಲ್ಲಿ ಯಜಮಾನನನ್ನು ಕಠಿಣಹೃದಯನೆಂದು ದೂಷಿಸುವದು ಸುಲಭ. ಆದರೆ ಅವನ ಮಾತು ಅನ್ಯಾಯವಾದದ್ದಲ್ಲ. ಚೆನ್ನಾಗಿ ಬೆಳೆದ ಮಾವಾಗಲಿ ಹಲಸಾಗಲಿ ಸುತ್ತಲೂ ಸುಮಾರು 30 ಅಡಿಯ ಸ್ಥಳವನ್ನು ಬೇಡುತ್ತದೆ. ಬಡವನ ಹಿತ್ತಲೇ ಅಷ್ಟಿರುವದು. ಫಲಕೊಡದ ಮರವು ಅಲ್ಲಿ ನಿಂತರೆ, ಫಲಕೊಡಬಹುದಾದ ಸೀಬೆಯ ಬಿಸಿಲನ್ನೂ ನಿಂಬೆಯ ಸಾರವನ್ನೂ ಮಕ್ಕಳ ಬಾಯಿಯ ಹಣ್ಣನ್ನೂ ಕಸಿದುಕೊಂಡಂತೆಯೇ ಸರಿ. ಹೀಗಿರಲಾಗಿ ತಾಳ್ಮೆಯು ಯಾವಾಗಲೂ ಸದ್ಗುಣವೋ? ಅಥವಾ ಕೆಲವೊಮ್ಮೆ ಸೋಮಾರಿತನಕ್ಕೆ ನಾವು ಕೊಟ್ಟುಕೊಂಡ ಒಳ್ಳೆಯ ಹೆಸರೋ?

ಇದಕ್ಕೆ ಉತ್ತರ ಹೇಳುವ ಮೊದಲು, ಕೊಡಲಿಯನ್ನು ಹಿಡಿದವನು ತನ್ನನ್ನು ತಾನೇ ಮೂರು ಮಾತು ಕೇಳಿಕೊಳ್ಳತಕ್ಕದ್ದು.

ಮೊದಲನೆಯದಾಗಿ, ನಾವು ಆರಿಸಿದ್ದು ಸರಿಯೋ? ಅರಕಲಗೂಡು ತಾಲ್ಲೂಕು ಕೊಡಗಿನ ಗಡಿಗೆ ಸೇರಿದ್ದು. ಅದರ ಪಡುವಣ ಊರುಗಳಲ್ಲಿ ಮಳೆ ಹೆಚ್ಚು, ಹಲಸು ತಾನಾಗಿ ಹಬ್ಬುತ್ತದೆ. ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಮಳೆ ಕಡಿಮೆ. ಅಲ್ಲಿ ಸೀತಾಫಲ, ನೇರಳೆ, ಹುಣಸೆ, ಮಾವು ಬರ ತಾಳುತ್ತವೆ. ಹೊಳೆನರಸೀಪುರದಲ್ಲಿ ಹೇಮಾವತಿಯ ದಡದ ಮಣ್ಣು ಬಾಳೆಗೆ ಒಳ್ಳೆಯದು. ಆದರೆ ಬುಡದಲ್ಲಿ ನೀರು ನಿಲ್ಲುವ ಜಾಗದಲ್ಲಿ ನಿಂಬೆಯನ್ನು ನೆಟ್ಟರೆ ಬೇರು ಕೊಳೆಯುವದು. ಸುಮಾರು 3,000 ಅಡಿ ಎತ್ತರದ ತಂಪಾದ ಹಾಸನದಲ್ಲಿ ಸೀಬೆಯೂ ಬೆಣ್ಣೆಹಣ್ಣೂ ಚೆನ್ನಾಗಿ ಬರುತ್ತವೆ. ನೆಂಟರ ಊರಲ್ಲಿ ಕಂಡದ್ದನ್ನು ಆಶೆಪಟ್ಟು ತಂದು, ಒಗ್ಗದ ನೆಲದಲ್ಲಿ ನೆಟ್ಟರೆ ತಪ್ಪು ಗಿಡದ್ದೋ, ನಮ್ಮದೋ?

ಸ್ವಭಾವವನ್ನು ಅರಿಯದೆ ತೀರ್ಪುಮಾಡುವದೂ ಇಂಥದೇ ತಪ್ಪು. ಪರಂಗಿಯು ಹತ್ತು ತಿಂಗಳಲ್ಲಿ ಹಣ್ಣು ಕೊಡುತ್ತದೆ. ಕಸಿಮಾಡಿದ ಮಾವು ಮೂರು ನಾಲ್ಕು ವರ್ಷಕ್ಕೆ ಫಲಕ್ಕೆ ಬರುತ್ತದೆ. ಓಟೆ ಹಾಕಿ ಬೆಳೆಸಿದ ಮಾವು ಏಳೆಂಟು ವರ್ಷ, ಕೆಲವು ಸಾರಿ ಅದಕ್ಕೂ ಹೆಚ್ಚು ಕಾಲ ಬೇಡುವದು. ತಾಯಿಮರದ ರುಚಿಯೂ ಅದಕ್ಕೆ ಬರುವದೆಂದು ಹೇಳಲಾಗದು. ಬಾದಾಮಿ ಮಾವು ಒಂದು ವರ್ಷ ತುಂಬ ಫಲಿಸಿ ಮರುವರ್ಷ ದಣಿವಾರಿಸಿಕೊಳ್ಳುವ ಜಾತಿ. ನೀಲಂ, ತೋತಾಪುರಿ ಬಹುಮಟ್ಟಿಗೆ ವರ್ಷವರ್ಷವೂ ಫಲಿಸುತ್ತವೆ. ಪರಂಗಿಯಲ್ಲಿ ಗಂಡುಗಿಡವು ಉದ್ದವಾದ ಎಳೆಗಳಲ್ಲಿ ಹೂ ಬಿಟ್ಟು, ಕಾಯಿಲ್ಲದೆ ನಿಲ್ಲುತ್ತದೆ. ಅದು ವ್ಯರ್ಥವೆಂದು ಎಲ್ಲವನ್ನೂ ಕಿತ್ತುಹಾಕಿದವರ ಹಿತ್ತಲಲ್ಲಿ ನಾಟಿ ಪರಂಗಿಯ ಹೆಣ್ಣುಗಿಡಗಳೂ ಸರಿಯಾಗಿ ಕಾಯಿ ಕಟ್ಟವು. ಹತ್ತು ಹೆಣ್ಣುಗಿಡಗಳಿಗೆ ಒಂದು ಗಂಡಾದರೂ ಇರಬೇಕು. ಕೆಲವರ ಫಲವು ಇನ್ನೊಬ್ಬರ ಕೊಂಬೆಯಲ್ಲಿ ಕಾಣುವದುಂಟು.

ಎರಡನೆಯದಾಗಿ, ನಾವು ಮಾಡತಕ್ಕದ್ದನ್ನು ಮಾಡಿದೆವೋ? ಸಾಮ್ಯದ ತೋಟಗಾರನು ಬರಿಯ ವಾಯಿದೆಯನ್ನು ಕೇಳಲಿಲ್ಲ. ಬುಡವನ್ನು ಅಗೆದು ಗೊಬ್ಬರ ಹಾಕುವ ಹೊಣೆಯನ್ನೂ ತಾನೇ ಹೊತ್ತನು. ಗುದ್ದಲಿ ಹಿಡಿಯದವನ ತಾಳ್ಮೆಯು ತಾಳ್ಮೆಯಲ್ಲ, ಅದು ಮರೆವು. ಮಾವಿಗೆ ಮೂರಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣನ್ನೂ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನೂ ತುಂಬಿ, ಮುಂಗಾರು ಹಿಡಿದ ಮೇಲೆ ನೆಡಬೇಕು. ಕಸಿಯ ಗಂಟು ಮಣ್ಣಿನ ಮೇಲೆಯೇ ಇರಬೇಕು. ಗಂಟಿನ ಕೆಳಗೆ ಒಡೆಯುವ ಕಾಡುಚಿಗುರನ್ನು ಆಗಾಗ ಚಿವುಟದಿದ್ದರೆ, ಅದೇ ಬಲಿತು ಒಳ್ಳೆಯ ಕೊಂಬೆಯನ್ನು ಅಡಗಿಸಿಬಿಡುವದು. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ಇಸ್ರಾಯೇಲ್ಯರು ನೆಟ್ಟ ಮರದ ಹಣ್ಣನ್ನು ಮೊದಲ ಮೂರು ವರ್ಷ ತಿನ್ನದೆ, ನಾಲ್ಕನೆಯ ವರ್ಷದ ಫಲವನ್ನು ದೇವರಿಗೆ ಮೀಸಲಾಗಿಟ್ಟು, ಐದನೆಯ ವರ್ಷದಲ್ಲಿ ತಿನ್ನಬೇಕೆಂದು ವಿಧಿಸಲ್ಪಟ್ಟಿದೆ. ಇಂದಿನ ತೋಟಗಾರರೂ ಎಳೆಯ ಕಸಿಗಿಡದ ಹೂವನ್ನು ಮೊದಲ ಎರಡು ಮೂರು ವರ್ಷ ತೆಗೆದುಹಾಕಿ, ಮರ ಬಲಿಯಲೆಂದು ಕಾಯುತ್ತಾರೆ. ಮಣ್ಣಿನ ಕೆಲಸವು ಸುವಾರ್ತೆಯ ಸೇವಕನಿಗೆ ತಕ್ಕದ್ದಲ್ಲವೆಂದು ಎಣಿಸುವವರು ವಿಲಿಯಂ ಕೇರಿಯವರನ್ನು ನೆನೆಯಲಿ. ಶ್ರೀರಾಂಪುರದಲ್ಲಿ ಸತ್ಯವೇದವನ್ನು ಭಾಷಾಂತರಿಸುತ್ತಿದ್ದ ಆ ದೈವಸೇವಕರೇ 1820ರಲ್ಲಿ ಕಲ್ಕತ್ತೆಯಲ್ಲಿ ಬೇಸಾಯ ಮತ್ತು ತೋಟಗಾರಿಕೆಯ ಸಂಘವನ್ನು ಸ್ಥಾಪಿಸಿದರು.

ಮೂರನೆಯದಾಗಿ, ನಮ್ಮ ಉಪಚಾರವೇ ಅಡ್ಡಿಯಾಯಿತೋ? ಇದನ್ನು ನಾಚಿಕೆಯಿಂದ ಬರೆಯುತ್ತೇವೆ. ನಮ್ಮ ಹಿತ್ತಲಿನ ಕಸಿಮಾವಿಗೆ ನಾವು ಏನೂ ಕಡಿಮೆ ಮಾಡಿರಲಿಲ್ಲ. ಬಚ್ಚಲ ನೀರು ವರ್ಷವೆಲ್ಲಾ ಅದರ ಪಾತಿಗೇ ಹರಿಯುತ್ತಿತ್ತು. ಕೊಟ್ಟಿಗೆಯ ಗೊಬ್ಬರವೂ ಅಲ್ಲಿಗೇ. ಎಲೆ ಕಪ್ಪಗೆ, ಕೊಂಬೆ ದಟ್ಟವಾಗಿ ಬೆಳೆಯಿತು. ಏಳು ವರ್ಷವಾದರೂ ಹೂವಿಲ್ಲ. ಕಡಿಯಲು ಆಳನ್ನು ಗೊತ್ತುಮಾಡಿದ್ದೆವು. ಆ ವಾರ ಮನೆಗೆ ಬಂದ ಸಭೆಯ ಒಬ್ಬ ವೃದ್ಧೆಯು ಮರವನ್ನು ಸುತ್ತಿ ನೋಡಿ, "ಇದಕ್ಕೆ ಬಾಯಾರಿಕೆಯೇ ಗೊತ್ತಿಲ್ಲವಲ್ಲಪ್ಪ, ಹೂ ಹೇಗೆ ಬಿಟ್ಟೀತು?" ಅಂದಳು. ಮಾವು ಹೂವಿಗೆ ತಿರುಗಬೇಕಾದರೆ ಮಳೆಗಾಲ ಮುಗಿದ ಮೇಲೆ ಒಂದೆರಡು ತಿಂಗಳು ಬುಡ ಒಣಗಿರಬೇಕು. ಆಗಲೂ ನೀರು ಗೊಬ್ಬರ ಸಿಕ್ಕುತ್ತಿದ್ದರೆ ಅದು ಚಿಗುರುತ್ತಲೇ ಇರುವದು. ನಾವು ಬಚ್ಚಲ ನೀರನ್ನು ಬಾಳೆಯ ಕಡೆಗೆ ತಿರುಗಿಸಿ, ನೆರಳು ಕವಿದ ಕೊಂಬೆಗಳನ್ನು ಸವರಿ, ಕೊಡಲಿಯನ್ನು ಅಟ್ಟಕ್ಕೆ ಹಾಕಿದೆವು. ಎರಡನೆಯ ವರ್ಷದ ಜನವರಿಯಲ್ಲಿ ಮರವು ಹೂ ಹೊತ್ತಿತು. ಪ್ರೀತಿಯಿದ್ದರೆ ಸಾಲದು, ಪ್ರೀತಿಗೆ ಕಾಲಜ್ಞಾನವೂ ಬೇಕು.

ಆದರೆ ಮರಕ್ಕಿಂತ ಹೆಚ್ಚಿನ ಮಾತು ಇದೆ. ಅದೇ ವರ್ಷ ನಮ್ಮ ಸಭೆಯ ಹಿರಿಯರು ಕೂಡಿ, ಬಹುಕಾಲದಿಂದ ಆರಾಧನೆಗೆ ಬಾರದ ಒಬ್ಬ ಯೌವನಸ್ಥನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಆಲೋಚಿಸಿದ್ದರು; ನಾವೂ ಒಪ್ಪಿದ್ದೆವು. "ಐದು ವರ್ಷ ತಾಳಿದೆವಲ್ಲಾ" ಎಂಬದೇ ನಮ್ಮ ನ್ಯಾಯ. ಹೂವಿನ ಮರದ ಕೆಳಗೆ ನಿಂತಾಗ ನಮ್ಮ ಮನಸ್ಸು ನಮ್ಮನ್ನು ಕೇಳಿತು: ಈ ಐದು ವರ್ಷಗಳಲ್ಲಿ ಅವನ ಮನೆಯ ಬಾಗಿಲಿಗೆ ಎಷ್ಟು ಸಾರಿ ಹೋದಿರಿ? ಒಮ್ಮೆಯೂ ಇಲ್ಲ. ನಾವು ತಾಳಲಿಲ್ಲ, ಮರೆತಿದ್ದೆವು.

ಮರದ ವಿಷಯದಲ್ಲಿ ತಾಳ್ಮೆಗೆ ಒಂದು ಮೇರೆಯುಂಟು. ತೋಟಗಾರನೂ ಕೊಡಲಿಯನ್ನು ಅಲ್ಲಗಳೆಯಲಿಲ್ಲ. ಆರಿಸಿದ್ದನ್ನು ಪರೀಕ್ಷಿಸಿ, ಅಗೆದು, ಗೊಬ್ಬರ ಹಾಕಿ, ತಕ್ಕ ಕಾಲ ಕಾದ ಮೇಲೂ ಫಲವಿಲ್ಲದಿದ್ದರೆ ಆ ಮರವನ್ನು ತೆಗೆದು, ಚಿಕ್ಕ ಹಿತ್ತಲಿಗೆ ಒಪ್ಪುವ ಆಮ್ರಪಾಲಿಯಂಥ ಗಿಡ್ಡ ಮಾವನ್ನೋ ಸೀಬೆಯನ್ನೋ ನೆಡುವದು ಪಾಪವಲ್ಲ. ಅದು ಮಕ್ಕಳಿಗೆ ಮಾಡುವ ನ್ಯಾಯ. ಮನುಷ್ಯನ ವಿಷಯವು ಹಾಗಲ್ಲ. ಮತ್ತಾಯನ 13ನೆಯ ಅಧ್ಯಾಯದಲ್ಲಿ ಕಳೆಯನ್ನು ಕೀಳಲು ಆತುರಪಟ್ಟ ಆಳುಗಳನ್ನು ಯಜಮಾನನೇ ತಡೆದನು. ಬೇರ್ಪಡಿಸುವ ಕೆಲಸವನ್ನು ಸುಗ್ಗಿಯ ಕಾಲಕ್ಕೆ ಇಟ್ಟನು. ಗುದ್ದಲಿಯು ನಮ್ಮ ಕೈಗೆ ಕೊಡಲ್ಪಟ್ಟಿದೆ, ಕೊಡಲಿಯು ಕೊಡಲ್ಪಟ್ಟಿಲ್ಲ.

ಆ ಯೌವನಸ್ಥನ ಹೆಸರು ಪಟ್ಟಿಯಲ್ಲಿ ಉಳಿಯಿತು. ಅವನು ಈಗಲೂ ಪ್ರತಿ ಕರ್ತನ ದಿನದಲ್ಲಿ ಬರುವದಿಲ್ಲ. ಆದರೆ ನಾವು ಹೋದರೆ ಚಾಪೆ ಹಾಸುತ್ತಾನೆ, ಪ್ರಾರ್ಥನೆಗೆ ತಲೆಬಾಗುತ್ತಾನೆ. ಕಳೆದ ಬೇಸಿಗೆಯಲ್ಲಿ ಅವನ ಮನೆಗೆ ನಮ್ಮ ಮರದ ಹಣ್ಣನ್ನು ಕೊಂಡುಹೋಗಿದ್ದೆವು. ಅವನ ಹಿತ್ತಲಲ್ಲಿ ಒಂದು ಗುಂಡಿ ತೆಗೆದು ಬಿಸಿಲಿಗೆ ಬಿಟ್ಟಿತ್ತು. ಏನು ನೆಡಬೇಕೆಂದು ಅವನೇ ನಮ್ಮನ್ನು ಕೇಳಿದನು.

ಆದಕಾರಣ ಪ್ರಿಯರೇ, ಮುಂಗಾರು ಬರುವ ಮೊದಲೇ ನಿಮ್ಮ ಹಿತ್ತಲಿನ ಫಲವಿಲ್ಲದ ಮರದ ಬಳಿಗೆ ಗುದ್ದಲಿ ಹಿಡಿದು ಹೋಗಿರಿ. ಅಲ್ಲಿಂದ ಹಿಂದಿರುಗುವಾಗ, ಬಹುಕಾಲದಿಂದ ನೀವು ತುಳಿಯದ ಒಂದು ಮನೆಯ ಬಾಗಿಲಿಗೂ ಹೋಗಿ ಬನ್ನಿರಿ. ನಮ್ಮ ಬುಡವನ್ನು ಅಗೆಯುತ್ತಾ ವರ್ಷವರ್ಷವೂ ನಮಗಾಗಿ ವಾಯಿದೆ ಬೇಡುವ ಕರ್ತನು ನಿಮ್ಮ ಕೈಕೆಲಸವನ್ನು ಆಶೀರ್ವದಿಸಲಿ.