ಒಲ್ಲೆನೆಂಬ ಮಗನೂ ಹೆತ್ತವರ ಧರ್ಮವೂ

ಶರನ್ನವರಾತ್ರಿಯ ಈ ಪರ್ವಕಾಲದಲ್ಲಿ ಕೊಂಡಾಪುರದ ಬಹುಮಹಡಿ ಕಟ್ಟಡಗಳಲ್ಲಿಯೂ ಕನ್ನಡಿಗರ ಮನೆಗಳಲ್ಲಿ ಬೊಂಬೆಗಳು ಮೆಟ್ಟಿಲೇರುತ್ತವೆ. ಅರಿಶಿನ ಕುಂಕುಮಕ್ಕೆ ಬಂದವರು ಮಕ್ಕಳ ಯೋಗಕ್ಷೇಮವನ್ನು ವಿಚಾರಿಸುತ್ತಾರೆ. ಆ ಪ್ರಶ್ನೆಗೆ ಉತ್ತರಿಸಲಾರದ ಮನೆಗಳೂ ಉಂಟು. ಪ್ರಾಯಕ್ಕೆ ಬಂದ ಮಗನಿಗೆ ಇಲ್ಲದ ದನಿಗಳು ಕೇಳಿಸುತ್ತವೆ. ಕೋಣೆಯ ಕದ ತೆರೆಯನು. ವೈದ್ಯರಲ್ಲಿಗೆ ಹೋಗೋಣವೆಂದರೆ ತನಗೇನೂ ಆಗಿಲ್ಲವೆನ್ನುವನು. ಅವನನ್ನು ಹೆತ್ತವರು ಬಲಾತ್ಕರಿಸಬಹುದೇ? ಅಥವಾ ಸುಮ್ಮನಿರಬಹುದೇ?

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಭಗವಂತನು ಹೇಳಬೇಕಾದುದನ್ನೆಲ್ಲ ಹೇಳಿ, ವಿಮರ್ಶೆಯನ್ನೂ ನಿರ್ಧಾರವನ್ನೂ ಅರ್ಜುನನಿಗೇ ಬಿಟ್ಟನು. ಆದರೆ ವಿಮರ್ಶಿಸುವ ಬುದ್ಧಿಯೇ ವ್ಯಾಧಿಗೆ ತುತ್ತಾಗಿದ್ದರೆ? ಸ್ಕಿಝೋಫ್ರೇನಿಯಾದಂತಹ ಕಾಯಿಲೆಗಳಲ್ಲಿ, ತನಗೆ ಕಾಯಿಲೆಯಿದೆಯೆಂಬ ಅರಿವು ಕುಂದುವುದೂ ಅನೇಕ ವೇಳೆ ಕಾಯಿಲೆಯ ಲಕ್ಷಣವೇ. ಅದನ್ನು ಹಟವೆಂದು ಬಗೆದ ತಂದೆ ವಾದಕ್ಕಿಳಿದರೆ ಸೋಲುವುದು ಇಬ್ಬರೂ. ಮೊದಲ ಅಧ್ಯಾಯದ ಅರ್ಜುನನನ್ನೂ ನೆನೆಯಬೇಕು. ಅವನದು ವ್ಯಾಧಿಯಲ್ಲ, ವಿಷಾದ. ಹೋಲಿಕೆಯನ್ನು ಬಹುದೂರ ಎಳೆಯಲಾಗದು. ಆದರೂ ಮೈ ನಡುಗಿ ಗಾಂಡೀವ ಜಾರಿದಾಗ ಕೃಷ್ಣನು ಅವನ ಕೈಗೆ ಬಿಲ್ಲನ್ನು ಬಲವಂತವಾಗಿ ತುರುಕಲಿಲ್ಲ, ರಥದಿಂದ ಇಳಿದು ಹೋಗಲೂ ಇಲ್ಲ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯೂ ಇಂತಹುದೇ ಇಕ್ಕಟ್ಟನ್ನು ಎದುರಿಸಿತು. ಪ್ರಾಪ್ತವಯಸ್ಕನ ಒಪ್ಪಿಗೆಯೇ ಅದರಲ್ಲಿ ಸಾಮಾನ್ಯ ನಿಯಮ. ಆದರೆ ಅವನು ಪ್ರಾಣಕ್ಕೆ ಎರವಾಗುವಂತಿದ್ದರೆ, ಪರರಿಗೆ ಕೇಡು ಮಾಡುವಂತಿದ್ದರೆ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದೆ ಅಪಾಯಕ್ಕೆ ಸಿಲುಕಿದ್ದರೆ, 89ನೆಯ ಕಲಮಿನಂತೆ ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲೆ, ಮೊದಲಿಗೆ 30 ದಿನಗಳವರೆಗೆ ಅವನನ್ನು ಆಸ್ಪತ್ರೆಯಲ್ಲಿ ಇರಿಸಬಹುದು. ಜೀವ ಉಳಿಸಲು ಬಲ ಅನಿವಾರ್ಯವಾದ ದಿನ ಸಂಕೋಚ ಸಲ್ಲದು. ಎರ್ರಗಡ್ಡದ ಹೆಸರನ್ನು ಈ ಊರಿನಲ್ಲಿ ಬೈಗುಳವಾಗಿ ಬಳಸುವುದನ್ನು ಕೇಳಿ ಕೇಳಿ, ಅಲ್ಲಿಯ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ನಾಚುವವರಿದ್ದಾರೆ. ನಾಚಬೇಕಾದವರು ಬೈಯುವವರು.

ಕಪಟದ ಮಾತು ಬೇರೆ. ಮಾತ್ರೆಯನ್ನು ಪುಡಿಮಾಡಿ ಸಾರಿನಲ್ಲಿ ಬೆರೆಸಿ ಬಡಿಸುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಬೇರೆ ದಾರಿ ಕಾಣದ ತಾಯಿಯನ್ನು ನಿಂದಿಸುವ ಅಧಿಕಾರ ಯಾರಿಗೂ ಇಲ್ಲ. ಆದರೂ ಅದು ಬಲಾತ್ಕಾರಕ್ಕಿಂತ ಹೆಚ್ಚಿನ ಅನರ್ಥವೆಂದು ನನ್ನ ಮತ. ಅನ್ನದಲ್ಲಿ ಯಾರೋ ಏನನ್ನೋ ಬೆರೆಸುತ್ತಿದ್ದಾರೆಂಬ ಶಂಕೆ ಈ ಕಾಯಿಲೆಯಲ್ಲಿ ಸಾಮಾನ್ಯ. ತಾಯಿಯೇ ಅದನ್ನು ನಿಜಮಾಡಿದಂತಾಯಿತಲ್ಲ! ಗುಟ್ಟು ಬಯಲಾದಂದು ಅವನು ಔಷಧವನ್ನಷ್ಟೇ ಅಲ್ಲ, ಅವಳ ಕೈತುತ್ತನ್ನೂ ತೊರೆಯುವನು. ಅನ್ನವನ್ನು ಬ್ರಹ್ಮವೆಂದು ನಂಬುವ ಮನೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಗಾಣಗಾಪುರದ ದತ್ತಸನ್ನಿಧಿಗೆ ಕರೆದೊಯ್ಯುವವರೂ ಉಂಟು. ಮಗನು ಒಪ್ಪಿ ಬಂದರೆ ಸಂತೋಷವೇ. ಚಿಕಿತ್ಸೆಗೆ ಅದು ಬದಲಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ ಹೀಗೆ ದೈವಕ್ಕೊಪ್ಪಿಸಿ ಬಿಟ್ಟುಬಂದಿದ್ದ ರೋಗಿಗಳಲ್ಲಿ 28 ಮಂದಿ, 2001ರ ಆಗಸ್ಟ್ 6ರ ಬೆಂಕಿಗೆ ಬಲಿಯಾದರು. ಕಾಲಿಗೆ ಸರಪಳಿಯಿದ್ದುದರಿಂದ ಅವರು ಓಡಲಾರದೆ ಹೋದರು.

ಮಗನು ಬಾರದಿದ್ದರೂ ತಂದೆತಾಯಿಗಳು ತಾವೇ ಮನೋವೈದ್ಯರನ್ನು ಕಾಣಬಹುದು. ಇದು ಬಹುಮಂದಿಗೆ ಹೊಳೆಯುವುದಿಲ್ಲ. ಹಗಲಿರುಳೂ ದೊರೆಯುವ ಟೆಲಿ ಮಾನಸ್‌ನ 14416ಕ್ಕೆ ಮನೆಯವರೂ ಕರೆಮಾಡಬಹುದು. ಮನೆಯಲ್ಲಿ ಕಾಯಿಲೆಯ ಹೆಸರೆತ್ತಿ ವಾದಿಸುವುದಕ್ಕಿಂತ, ನಿದ್ರೆಯಿಲ್ಲದೆ ಅವನು ಪಡುವ ಬವಣೆಯನ್ನು ಕೇಳುವುದು ಮೇಲು. ನಿದ್ರೆಗೆಂದು ವೈದ್ಯರಲ್ಲಿಗೆ ಬರಲು ಒಪ್ಪುವವರಿದ್ದಾರೆ. ತಿಂಗಳುಗಳು ಹಿಡಿಯಬಹುದು. ಆವರೆಗೆ ಊಟದ ಹೊತ್ತಿಗೆ ಅವನ ಕದ ತಟ್ಟುವುದನ್ನು ನಿಲ್ಲಿಸಲಾಗದು.