ಇಲ್ಲ ಎಂದು ಅರಿಯುವುದು ಹೇಗೆ?

ಕೋಣೆಯೊಳಗೆ ಇಣುಕಿ "ಕೊಡ ಇಲ್ಲಿಲ್ಲ" ಎನ್ನುತ್ತೇವೆ. ಕಣ್ಣಿಗೆ ಬಿದ್ದದ್ದು ಬರಿಯ ನೆಲ. ಹಾಗಾದರೆ ಕೊಡ ಇಲ್ಲವೆಂಬುದು ತಿಳಿದದ್ದು ಯಾವುದರಿಂದ? ಕುಮಾರಿಲ ಭಟ್ಟನ ಮೀಮಾಂಸೆ ಇದಕ್ಕೆಂದೇ ಒಂದು ಪ್ರತ್ಯೇಕ ಪ್ರಮಾಣವನ್ನು ಒಪ್ಪಿತು: ಅನುಪಲಬ್ಧಿ, ಅಂದರೆ ಕಾಣದಿರುವಿಕೆ. ಅದ್ವೈತಿಗಳೂ ಒಪ್ಪಿದರು, ನೈಯಾಯಿಕರು ಇದಕ್ಕೆ ಪ್ರತ್ಯಕ್ಷವೇ ಸಾಕೆಂದರು. ಈ ವಾದಕ್ಕಿಂತ ಅದರೊಳಗಿನ ಒಂದು ಷರತ್ತು ನನಗೆ ಮುಖ್ಯವಾಗಿ ಕಾಣುತ್ತದೆ. ಕೊಡ ಇದ್ದಿದ್ದರೆ ಕಾಣಲೇಬೇಕಿತ್ತು ಎನ್ನುವಂತಿರಬೇಕು. ಕತ್ತಲಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದಾಗದು. ಹಾಗೆ ಕಾಣಲೇಬೇಕಾದದ್ದು ಕಾಣದಿರುವುದೇ ಯೋಗ್ಯಾನುಪಲಬ್ಧಿ.

ಅವಿಭಾಜ್ಯ ಸಂಖ್ಯೆಯೂ ಒಂದು ಅಭಾವದ ಹೆಸರೇ. 1 ಮತ್ತು ತನ್ನನ್ನು ಬಿಟ್ಟು ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ ಇಲ್ಲ. 31ನ್ನು 2, 3, 5ರಿಂದ ಭಾಗಿಸಿ ನೋಡಿದರೆ ಸಾಕು. ಅಪವರ್ತನ ಇದ್ದಿದ್ದರೆ ಇಷ್ಟರಲ್ಲಿ ಸಿಕ್ಕೇ ಸಿಗುತ್ತಿತ್ತು. ಕೋಣೆ ಚಿಕ್ಕದು, ಬೆಳಕೂ ಇದೆ.

ಈಗ 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕಳೆಯಿರಿ. ಬರುವುದು 39 ಅಂಕಿಗಳ 170141183460469231731687303715884105727. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1644ರಲ್ಲೇ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. ಆದರೆ ಸೆಕೆಂಡಿಗೊಂದು ಸಂಖ್ಯೆಯಂತೆ ಇದರ ವರ್ಗಮೂಲದವರೆಗೆ ಭಾಗಿಸುತ್ತ ಹೋದರೆ ವಿಶ್ವದ ಈಗಿನ ವಯಸ್ಸಿನ ಸುಮಾರು ಮೂವತ್ತು ಪಟ್ಟು ಕಾಲ ಬೇಕು. ಇಲ್ಲಿ ಹುಡುಕಿ ಸಿಗದಿರುವುದು ಪ್ರಮಾಣವಾಗಲಾರದು. ಕೋಣೆ ಪೂರ್ತಿ ಕತ್ತಲು.

1876ರಲ್ಲಿ ಗಣಿತಜ್ಞ ಎದುವಾರ್ ಲ್ಯೂಕಾ ಹುಡುಕುವ ಗೋಜಿಗೇ ಹೋಗಲಿಲ್ಲ. ಅವನ ದಾರಿಯನ್ನು ಲೆಹ್ಮರ್ ಮುಂದೆ ಸರಳಗೊಳಿಸಿದ ರೂಪ ಹೀಗಿದೆ. ಐದು ಎರಡುಗಳ ಗುಣಲಬ್ಧದಲ್ಲಿ 1 ಕಳೆದರೆ 31. ಮೊದಲು 4 ಇಟ್ಟುಕೊಳ್ಳಿ. ವರ್ಗ ಮಾಡಿ 2 ಕಳೆದರೆ 14. ಮತ್ತೆ ಹಾಗೇ ಮಾಡಿದರೆ 194; 31ರಿಂದ ಭಾಗಿಸಿದಾಗ ಶೇಷ 8. ಆ 8ಕ್ಕೆ ಇನ್ನೊಮ್ಮೆ ಹಾಗೇ ಮಾಡಿದರೆ 62, ಶೇಷ ಸೊನ್ನೆ. ಮೂರನೆಯ ಹೆಜ್ಜೆಗೆ ಸೊನ್ನೆ ಬಂದದ್ದರಿಂದ 31 ಅವಿಭಾಜ್ಯ. ನಮ್ಮ ದೊಡ್ಡ ಸಂಖ್ಯೆಗೆ ಇಂಥ 125 ಹೆಜ್ಜೆ ಸಾಕು.

ಆ ಸೊನ್ನೆ ಬೆಟ್ಟದ ಮೇಲಿನ ಹೊಗೆಯಿದ್ದಂತೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವ ಹಾಗೆ, ಎದುರಿಗಿರುವ ಒಂದು ಗುರುತಿನಿಂದ ಅಪವರ್ತನದ ಅಭಾವವನ್ನು ತಿಳಿದೆವು. ಇದು ಅನುಪಲಬ್ಧಿಯಲ್ಲ, ಅನುಮಾನ. ಆಡುಮಾತಿನ ಸಂಶಯವಲ್ಲ, ತರ್ಕಶಾಸ್ತ್ರದ ಅನುಮಾನ. ಹೊಗೆಗೂ ಬೆಂಕಿಗೂ ಇರುವ ನಂಟು ಲೋಕಾನುಭವದ್ದು. ಸೊನ್ನೆಗೂ ಅವಿಭಾಜ್ಯತೆಗೂ ಇರುವ ನಂಟನ್ನು ಸಾಧಿಸಿ ತೋರಿಸಲಾಗಿದೆ. ಆದ್ದರಿಂದ ಈ ಅನುಮಾನ ಹೆಚ್ಚು ಗಟ್ಟಿ ಎಂದೇ ನನ್ನ ತೀರ್ಮಾನ. 1951ರವರೆಗೂ, 75 ವರ್ಷ, ಲ್ಯೂಕಾ ಅವಿಭಾಜ್ಯವೆಂದು ಸಾಧಿಸಿದ ಆ 39 ಅಂಕಿಗಳ ಸಂಖ್ಯೆಗಿಂತ ದೊಡ್ಡ ಅವಿಭಾಜ್ಯ ಯಾರಿಗೂ ಗೊತ್ತಿರಲಿಲ್ಲ.

ಮೆರ್ಸೆನ್ ಪಟ್ಟಿಯಲ್ಲಿ 67 ಎರಡುಗಳ ಗುಣಲಬ್ಧದಲ್ಲಿ 1 ಕಳೆದ ಸಂಖ್ಯೆಯೂ ಇತ್ತು. ಅದು ಅವಿಭಾಜ್ಯವಲ್ಲವೆಂದು ಲ್ಯೂಕಾ ತೋರಿಸಿದ, ಒಂದೇ ಒಂದು ಅಪವರ್ತನವನ್ನೂ ಕಾಣದೆ! ಅವು ಕಣ್ಣಿಗೆ ಬಿದ್ದದ್ದು 1903ರಲ್ಲಿ, ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್‌ಗೆ. 193707721 ಮತ್ತು 761838257287. ಕಾಗದ, ಪೆನ್ಸಿಲ್ ಹಿಡಿದು ನೀವೇ ಗುಣಿಸಿ ನೋಡಿ; 147573952589676412927 ಬರುತ್ತದೆ.